ಅರ್ಧಕ್ಕೆ ನಿಂತ ‘ಅಪ್‌ಗ್ರೇಡ್’ಗೆ ಏನೆನ್ನುವುದು?

ಗೆಳೆಯರೆ,

ನಮ್ಮ ಕಚೇರಿಯ ಸರ್ವರನ್ನು ಇನ್ನು ಮುಂದೆ ನೋಡಿಕೊಳ್ಳಲಿರುವ ಹುಡುಗನಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಂತ್ರದಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ, ಬ್ರೌಸರಿನಿಂದಲೇ ಎಲ್ಲವನ್ನೂ ನಿಭಾಯಿಸಲು ಅದರ ಮೇಲೆ ವೆಬ್‌ಮಿನ್. ಎರಡು ಪದಗಳ ಬಳಿ ಲೇಖನಿ ನಿಂತಿದೆ.

ಮೊದಲನೆಯದು ಹೇಗೋ ಬಗೆಹರಿಯಿತು. ಡೆಬಿಯನ್ನಿನಲ್ಲಿ ತಂತ್ರಾಂಶ ತರಿಸಿ ಹಾಕುವ ಸಾಧನ ‘ಆಪ್ಟ್’. ಅದರ ಎರಡು ಆಜ್ಞೆಗಳಾದ ‘ಆಪ್ಟ್ ಅಪ್‌ಡೇಟ್’, ‘ಆಪ್ಟ್ ಅಪ್‌ಗ್ರೇಡ್’ ಎರಡಕ್ಕೂ ‘ನವೀಕರಣ’ ಎಂದೇ ಬರೆದುಬಿಟ್ಟಿದ್ದೆ. ‘ಮೊದಲು ನವೀಕರಿಸಿ, ಆನಂತರ ನವೀಕರಿಸಿ’ ಎಂಬ ಸಾಲು ಓದಿ ಹುಡುಗ, ‘ಮೇಡಂ, ಎರಡು ಸಲ ಮಾಡಬೇಕೆ?’ ಎಂದ. ಅಪ್‌ಡೇಟ್ ಆಜ್ಞೆ ಯಾವ ತಂತ್ರಾಂಶವನ್ನೂ ಮುಟ್ಟುವುದಿಲ್ಲ. ಯಾವುದರ ಯಾವ ಆವೃತ್ತಿ ಸಿಗುತ್ತದೆ ಎಂಬ ಪಟ್ಟಿಯನ್ನಷ್ಟೇ ತಿದ್ದಿಕೊಳ್ಳುತ್ತದೆ. ಮತದಾರರ ಪಟ್ಟಿಗೆ ಆಗುವುದೂ ಅದೇ. ಹಾಗಾಗಿ ಅದು ‘ಪಟ್ಟಿ ಪರಿಷ್ಕರಣೆ’ಯಾಯಿತು, ‘ನವೀಕರಣ’ ತಂತ್ರಾಂಶವನ್ನೇ ಹೊಸ ಆವೃತ್ತಿಗೆ ತರುವ ಅಪ್‌ಗ್ರೇಡಿಗೆ ಉಳಿಯಿತು. ಪತ್ರಿಕೆಗಳ ‘ಮೇಲ್ದರ್ಜೆಗೇರಿಸು’ ನನಗೆ ಬೇಡ. ಕೇಳಿದೊಡನೆ ತಾಲ್ಲೂಕು ಆಸ್ಪತ್ರೆ ಕಣ್ಣಮುಂದೆ ಬರುತ್ತದೆ.

ತೊಡಕಿರುವುದು ಎರಡನೆಯದಾದ ‘ಹಾಫ್ ಕಾನ್ಫಿಗರ್ಡ್’ನಲ್ಲಿ. ಕಳೆದ ತಿಂಗಳು ವೆಬ್‌ಮಿನ್ ನವೀಕರಣ ನಡೆಯುತ್ತಿರುವಾಗಲೇ ವಿದ್ಯುತ್ ಹೋಯಿತು. ಯುಪಿಎಸ್‌ನ ಹಳೆಯ ಬ್ಯಾಟರಿಯೂ ಕೈಕೊಟ್ಟಿತು. ಯಂತ್ರ ಮತ್ತೆ ಎದ್ದಾಗ 10000ನೇ ಪೋರ್ಟಿನಲ್ಲಿ ಸಿಗುವ ವೆಬ್‌ಮಿನ್ ಪುಟ ತೆರೆಯಲಿಲ್ಲ. ಹಾಕಿದ ತಂತ್ರಾಂಶಗಳ ಲೆಕ್ಕ ಇಡುವ ‘ಡಿಪಿಕೆಜಿ’ಯ ಪಟ್ಟಿ ತೆಗೆದರೆ ಉಳಿದ ಸಾಲುಗಳ ಮೊದಲಿಗೆ ‘ಐಐ’, ಅಂದರೆ ಸರಿಯಾಗಿ ಕೂತಿದೆ ಎಂಬ ಗುರುತು; ವೆಬ್‌ಮಿನ್ನಿನ ಮುಂದೆ ಮಾತ್ರ ‘ಐಎಫ್’. ಈ ಎಫ್ ಎಂದರೆ ‘ಹಾಫ್ ಕಾನ್ಫಿಗರ್ಡ್’. ಎಚ್ ಅಕ್ಷರವನ್ನು ‘ಹಾಫ್ ಇನ್‌ಸ್ಟಾಲ್ಡ್’ ಹಿಡಿದುಕೊಂಡಿರುವುದರಿಂದ ಇದರ ಪಾಲಿಗೆ ‘ಹಾಫ್’ನ ಕೊನೆಯ ಅಕ್ಷರ ಬಂದಿದೆ. ಇಂಗ್ಲಿಷಿಗೂ ಇಲ್ಲಿ ಅಕ್ಷರದ ಬರ ಬಂದಿತ್ತಲ್ಲ ಎಂದು ನನಗೆ ಸ್ವಲ್ಪ ಸಮಾಧಾನ.

ಇವೆರಡನ್ನೂ ‘ಅಪೂರ್ಣ’ ಎಂದು ಒಂದೇ ಗಂಟಿಗೆ ಕಟ್ಟಿದರೆ ಕೆಲಸ ಕೆಡುತ್ತದೆ. ‘ಹಾಫ್ ಇನ್‌ಸ್ಟಾಲ್ಡ್’ನಲ್ಲಿ ತಂತ್ರಾಂಶದ ಪೊಟ್ಟಣ (ಪ್ಯಾಕೇಜ್) ಬಿಚ್ಚುವುದೇ ಮುಗಿದಿಲ್ಲ. ಮತ್ತೆ ಮೊದಲಿನಿಂದ ಹಾಕಬೇಕು. ಇನ್ನೊಂದರಲ್ಲಿ ಕಡತಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕುಳಿತಿವೆ, ಆಮೇಲಿನ ಸಿದ್ಧತೆ, ಅಂದರೆ ಕಾನ್ಫಿಗರ್ ಮಾಡುವುದು, ಮಾತ್ರ ನಡುವೆ ನಿಂತಿದೆ. ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂದರೆ ಉಳಿದದ್ದನ್ನು ಅದೇ ಮುಗಿಸುತ್ತದೆ. ನಮ್ಮಲ್ಲಿ ಅಷ್ಟಕ್ಕೇ ಪುಟ ತೆರೆದುಕೊಂಡಿತು.

ಕಾನ್ಫಿಗರ್‌ಗೆ ‘ಸಂರಚನೆ’ ಚಾಲ್ತಿಯಲ್ಲಿದೆ, ನಿಜ. ಆದರೆ ರಾತ್ರಿ 2 ಗಂಟೆಗೆ ಕೈಪಿಡಿ ತೆರೆದವನಿಗೆ ‘ಅರೆಸಂರಚಿತ’ ಎಂದರೆ ಏನು ಹೊಳೆದೀತು? ಅರಿಸಮಾಸವೆಂಬ ತಕರಾರು ನನ್ನದಲ್ಲ. ‘ಅರೆಕಾಲಿಕ’ ಸುಖವಾಗಿಯೇ ಬಾಳುತ್ತಿದೆ. ಕೇಳಿಸಿಕೊಂಡ ಅಮ್ಮ ‘ಅರೆಬೆಂದದ್ದು ಅನ್ನು’ ಎಂದರು. ಅರೆಬೆಂದ ಅನ್ನವನ್ನು ಮರಳಿ ಅಕ್ಕಿ ಮಾಡಲಾಗದು, ಒಲೆಯ ಮೇಲಿಟ್ಟು ಬೇಯಿಸಿಯೇ ಮುಗಿಸಬೇಕು. ಪರಿಹಾರವೂ ಪದದೊಳಗೇ ಇದೆ! ಆದರೆ ಹಾಗೆಂದಮೇಲೆ ಕಾನ್ಫಿಗರ್ ಮಾಡುವುದಕ್ಕೆ ‘ಬೇಯಿಸು’ ಎನ್ನಬೇಕಾಗುತ್ತದೆ.

ಸದ್ಯಕ್ಕೆ ನನ್ನ ಒಲವು ‘ಅಣಿಗೊಳಿಸು’ವಿನ ಕಡೆ. ಹಾಗೆಂದರೆ ತಂತ್ರಾಂಶ ಹಾಕುವ ಹಂತಗಳು ಕ್ರಮವಾಗಿ ಹೀಗಾಗುತ್ತವೆ: ‘ಅರೆಬಿಚ್ಚಿದ್ದು’, ‘ಬಿಚ್ಚಿದ್ದು’, ‘ಅರ್ಧ ಅಣಿಯಾದದ್ದು’, ‘ಅಣಿಯಾದದ್ದು’. ಅನುಮಾನ ಒಂದೇ. ಮದುವೆಗೆ, ಪ್ರಯಾಣಕ್ಕೆ ಮನುಷ್ಯರು ಅಣಿಯಾಗುತ್ತಾರೆ. ತಂತ್ರಾಂಶ ಅಣಿಯಾಯಿತು ಎಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೆ? ಪಂಪ್‌ಸೆಟ್ಟನ್ನೋ ಮಗ್ಗವನ್ನೋ ತಂದು ಕೂರಿಸಿ, ಇನ್ನೂ ಓಡುವ ಹದಕ್ಕೆ ತಂದಿರದಿದ್ದಾಗ ನಿಮ್ಮ ಊರಿನಲ್ಲಿ ಅದಕ್ಕೆ ಏನೆನ್ನುತ್ತಾರೆ?