ದೇವರ ಭಯ ಇದ್ದವನಿಗೇ ವೋಟು ಅನ್ನುತ್ತಾರೆ ಅಪ್ಪ. ಸರೀನಾ?

ಕಲ್ಪತರು ನಾಡು

ನಮ್ಮ ಊರು ತಿಪಟೂರು ಕಡೆ. ಪಂಚಾಯ್ತಿ ಎಲೆಕ್ಷನ್ ಮಾತು ಶುರುವಾಗಿದೆ. ನಮ್ಮ ವಾರ್ಡಿಗೆ ಇಬ್ಬರು ನಿಲ್ಲುವುದು ಹೆಚ್ಚುಕಮ್ಮಿ ಖಾಯಂ. ಒಬ್ಬರು ಕೊಬ್ಬರಿ ವ್ಯಾಪಾರದವರು, ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಾರೆ, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂದೆ ನಿಂತು ಚಂದಾ ಎತ್ತಿದವರು. ಇನ್ನೊಬ್ಬರು ಮುಸ್ಲಿಂ, ಬಸ್ ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದಾರೆ, ತಾತನ ಕಾಲದಿಂದ ಇದೇ ಊರು. ಹಿಂದೆ ಒಂದು ಸಲ ಮೆಂಬರ್ ಆಗಿದ್ದವರು.

ಅಪ್ಪನಿಗೆ 71 ವರ್ಷ. ಅವರ ಲೆಕ್ಕ ಸರಳ. "ದೇವರ ಭಯ ಇದ್ದೋನಿಗೆ ಊರ ದುಡ್ಡು ಮುಟ್ಟುವಾಗ ಕೈ ನಡುಗುತ್ತೆ ಕಣೋ. ಆ ಭಯ ಇಲ್ಲದೋನನ್ನ ಯಾರು ಹಿಡಿಯೋರು?" ನಾನು ಕೇಳಿದೆ, "ಟೈಲರ್ ಸಾಹೇಬ್ರು ದಿನಕ್ಕೆ ಐದು ಸಲ ನಮಾಜ್ ಮಾಡ್ತಾರಲ್ಲಪ್ಪ, ಅದೂ ದೇವರ ಭಯ ತಾನೇ?" ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೇರೆ ಬಿಡು" ಅಂದರು.

ಆ "ಅದು ಬೇರೆ" ಅನ್ನೋ ಮಾತು ಎರಡು ದಿನದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅಪ್ಪ ಕೆಟ್ಟ ಮನುಷ್ಯ ಅಲ್ಲ. ಅಮ್ಮನಿಗೆ ಉಸಿರು ಕಟ್ಟಿದ ರಾತ್ರಿ ಎರಡು ಗಂಟೆಗೆ ಗೂಡ್ಸ್ ಆಟೋ ಹುಡುಕಿ ತಂದವರು ಅದೇ ಟೈಲರ್. ಅದನ್ನು ಬಂದವರಿಗೆಲ್ಲ ಹೇಳುವವರೂ ಅಪ್ಪನೇ. ಆದರೆ ವೋಟಿನ ಮಾತು ಬಂದರೆ ಬೇರೆಯೇ ಆಗಿಬಿಡುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ನಿಂತವರ ನಂಬಿಕೆಯನ್ನು ನೋಡುವುದೇ ತಪ್ಪಾ? ಅಥವಾ ಅಪ್ಪ ಹೇಳುವುದರಲ್ಲಿ ನಾನು ತಳ್ಳಿಹಾಕಬಾರದ್ದು ಏನಾದರೂ ಇದೆಯಾ? ನಿಮ್ಮ ನಿಮ್ಮ ಊರಲ್ಲಿ ಕಂಡದ್ದನ್ನು ಹೇಳಿ.

ಹಳೇ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. ಎಲೆಕ್ಷನ್ ಡ್ಯೂಟಿ ಎಷ್ಟು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ವಿಧಾನಸಭೆ, ಲೋಕಸಭೆ ಚುನಾವಣೆಗೆ 1951ರ ಜನಪ್ರಾತಿನಿಧ್ಯ ಕಾಯ್ದೆ ಇದೆ. ಅದರ 123ನೇ ಕಲಮಿನ ಪ್ರಕಾರ ಧರ್ಮ, ಜಾತಿ, ಭಾಷೆ ಹೆಸರಲ್ಲಿ ವೋಟು ಕೇಳುವುದು ಭ್ರಷ್ಟ ಆಚರಣೆ. ಗೆದ್ದವರ ಆಯ್ಕೆಯೇ ರದ್ದಾಗಬಹುದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನಷ್ಟು ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮವನ್ನು ಎತ್ತಿಕೊಂಡು ವೋಟು ಕೇಳಿದರೂ ತಪ್ಪು ಅಂತ. ನಾಲ್ಕು ಜನ ಒಂದು ಕಡೆ, ಮೂರು ಜನ ಇನ್ನೊಂದು ಕಡೆ. ಅಂದರೆ ಅಲ್ಲೂ ಅಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಆದರೆ ಇದೆಲ್ಲ ವೋಟು ಕೇಳುವವರಿಗೆ. ಹಾಕುವವರಿಗೆ ಅಲ್ಲ. ರಟ್ಟಿನ ಮರೆಯಲ್ಲಿ ನಿಂತ ನಿಮ್ಮ ತಂದೆಯ ಮನಸ್ಸಿಗೆ ಯಾವ ಕಾಯ್ದೆಯೂ ಕೈ ಹಾಕುವುದಿಲ್ಲ, ಹಾಕಲೂಬಾರದು.

ಇನ್ನು ದೇವರ ಭಯದ ಮಾತು. ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಮತದಾನದ ಹಿಂದಿನ ರಾತ್ರಿ ನಮ್ಮ ಬೀದಿಗೆ ಇಬ್ಬರು ಹುಡುಗರು ಬಂದರು. ಒಬ್ಬನ ಕೈಯಲ್ಲಿ ನೋಟಿನ ಕಂತೆ, ಇನ್ನೊಬ್ಬನ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಮಂಜುನಾಥ ಸ್ವಾಮಿ ಫೋಟೋ, ಅರಿಶಿನ ಕುಂಕುಮ, ಒಂದು ದೀಪ. ದುಡ್ಡು ತಗೊಂಡವರು ಫೋಟೋ ಮುಟ್ಟಿ ಆಣೆ ಇಡಬೇಕು. ಪಕ್ಕದ ಮನೆಯ ಅಜ್ಜಿ ಇಟ್ಟರು. ಬೆಳಿಗ್ಗೆ ನನ್ನ ಹತ್ತಿರ ಬಂದು, "ಮೇಷ್ಟ್ರೇ, ಆ ಮನುಷ್ಯ ನಂಗೆ ಇಷ್ಟ ಇಲ್ಲ. ಆದ್ರೆ ಸ್ವಾಮಿನ ಮುಟ್ಟಿಬಿಟ್ಟಿದ್ದೀನಿ. ಮೊಮ್ಮಗೂಗೆ ಏನಾದ್ರೂ ಆದ್ರೆ?" ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು. ಹೋಗಿ ಅವನಿಗೇ ಹಾಕಿ ಬಂದರು.

ಯೋಚನೆ ಮಾಡಿ. ಆ ರಾತ್ರಿ ದೇವರ ಭಯ ಇದ್ದದ್ದು ಯಾರಿಗೆ? ಅಜ್ಜಿಗೆ. ತಟ್ಟೆ ಕಳಿಸಿದವರಿಗೆ ಇರಲಿಲ್ಲ. ಇದ್ದಿದ್ದರೆ ಸ್ವಾಮಿಯ ಫೋಟೋವನ್ನು ಆ ಕೆಲಸಕ್ಕೆ ಬಳಸುತ್ತಿರಲಿಲ್ಲ. ಹಾಗಂತ ಅವರ ಮನೆಯಲ್ಲಿ ಪೂಜೆಗೆ ಏನೂ ಕಮ್ಮಿ ಇರಲಿಲ್ಲ. ಅದೇ 123ನೇ ಕಲಮಿನಲ್ಲಿ ಇದಕ್ಕೂ ಜಾಗ ಇದೆ. ಹೀಗೆ ವೋಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀಯ ಅಂತ ನಂಬಿಸುವುದೂ ಭ್ರಷ್ಟ ಆಚರಣೆಯೇ. ಇದನ್ನು ಬರೆದವರು ನಮ್ಮ ಊರುಗಳನ್ನು ಚೆನ್ನಾಗಿ ಬಲ್ಲವರು.

ನಿಮ್ಮ ತಂದೆಗೆ ಬೇಕಾದದ್ದು ಕೈ ನಡುಗುವ ಮನುಷ್ಯ. ಒಳ್ಳೆಯ ಆಸೆ. ಆದರೆ ಮಾಲೆ ನೋಡಿ, ಟೋಪಿ ನೋಡಿ ಅದು ಗೊತ್ತಾಗುವುದಿಲ್ಲ. ಅವರು ಹಿಂದೆ ದುಡ್ಡು ಮುಟ್ಟಿದ ಜಾಗ ಇರುತ್ತದಲ್ಲ, ಅಲ್ಲಿ ನೋಡಬೇಕು. ಟೈಲರ್ ಮೆಂಬರ್ ಆಗಿದ್ದ ವರ್ಷಗಳ ಜಮಾಬಂದಿ ವರದಿ, ಅಂದರೆ ವರ್ಷದ ಲೆಕ್ಕ, ಕೆಲಸಗಳ ತಪಾಸಣೆಯ ವರದಿ, ಪಂಚಾಯ್ತಿಯಲ್ಲಿ ಇರಬೇಕು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಿ. ಇನ್ನೊಬ್ಬರು ಎತ್ತಿದ ಚಂದಾ ಲೆಕ್ಕ ದೇವಸ್ಥಾನದಲ್ಲೇ ಸಿಗುತ್ತದೆ.

ನೇತ್ರಾವತಿ ದಡ

ನಾನು ಮಂಗಳೂರಿನ ಕೆಥೊಲಿಕ್ ಮನೆಯವಳು, ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಊರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿ ಆಗಬೇಕು ಅಂತ ಹದಿಹರೆಯದಲ್ಲಿ ಬೆಂಗಳೂರಿನ ಸೆಮಿನರಿಗೆ ಹೋದವರು, ಬಿಟ್ಟು ಬಂದು ಕಾರ್ಮಿಕ ನಾಯಕರಾದರು. 1977ರಲ್ಲಿ ಅವರು ನಿಂತದ್ದು ಬಿಹಾರದ ಮುಜಫ್ಫರ್‌ಪುರದಲ್ಲಿ. ತುರ್ತು ಪರಿಸ್ಥಿತಿಯ ವಿರುದ್ಧ ನಿಂತು, ಬರೋಡಾ ಡೈನಮೈಟ್ ಕೇಸಿನಲ್ಲಿ ಜೈಲಲ್ಲಿದ್ದರು, ಕ್ಷೇತ್ರಕ್ಕೆ ಕಾಲಿಡಲಿಲ್ಲ. ಬೇಡಿ ತೊಟ್ಟ ಕೈ ಎತ್ತಿದ ಅವರ ಫೋಟೋ ಇಟ್ಟುಕೊಂಡು ಜನ ಪ್ರಚಾರ ಮಾಡಿದರು. ಮೂರು ಲಕ್ಷಕ್ಕೂ ಜಾಸ್ತಿ ಅಂತರದಿಂದ ಗೆದ್ದರು. ಅಲ್ಲಿ ಕ್ರೈಸ್ತರು ಎಷ್ಟು ಮಂದಿ ಇದ್ದಾರು? ಕೈಗೆ ಬೇಡಿ ಯಾಕೆ ಬಿತ್ತು ಅನ್ನುವುದು ಆ ಜನಕ್ಕೆ ಮುಖ್ಯವಾಯಿತು.

ಅಷ್ಟು ದೂರ ಯಾಕೆ, ಕೃಷ್ಣ ಮಠದ ಉಡುಪಿಯಿಂದ ಆಸ್ಕರ್ ಫರ್ನಾಂಡಿಸ್ 1980ರಿಂದ 1996ರವರೆಗೆ ಸತತ ಐದು ಸಲ ಲೋಕಸಭೆಗೆ ಗೆದ್ದರು. ಇದನ್ನು ಇವತ್ತಿನ ಹುಡುಗರಿಗೆ ಹೇಳಿದರೆ ಹೌದಾ ಅಂತ ಕೇಳುತ್ತಾರೆ. ಆ ಹೌದಾ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಆದರೆ ತಪ್ಪು ಒಂದೇ ಕಡೆಯದ್ದು ಅಂತ ನಾನು ಹೇಳಲಾರೆ. ನಮ್ಮ ಇಗರ್ಜಿಯಿಂದ ಹೊರಗೆ ಬರುವಾಗಲೂ ಅದೇ ಮಾತು ಕೇಳುತ್ತದೆ. "ಯಾರಾದರೇನು, ನಮ್ಮವರು ನಿಂತಿದ್ದಾರಲ್ಲ." ಆ ನಮ್ಮವರು ವರ್ಷಕ್ಕೆ ಒಂದು ಸಲ, ಕ್ರಿಸ್ಮಸ್‌ಗೆ ಮಾತ್ರ ಪೂಜೆಗೆ ಬರುವವರು. ಅಂದರೆ ನಾವು ನೋಡುವುದು ನಂಬಿಕೆಯನ್ನೇ ಅಲ್ಲ. ಹೆಸರು ನೋಡುತ್ತೇವೆ, ಅಷ್ಟೇ. ನಿಮ್ಮ ಅಪ್ಪನ "ಅದು ಬೇರೆ" ಇರುವುದೂ ಇಲ್ಲೇ ಅಂತ ನನಗೆ ಅನಿಸುತ್ತದೆ. ಅವರು ಶುರು ಮಾಡಿದ್ದು ದೇವರ ಭಯದಿಂದ. ನೀವು ಮರುಪ್ರಶ್ನೆ ಹಾಕಿದ ಕೂಡಲೇ ಅದು ನಮ್ಮವರು, ಅವರು ಅಂತ ಆಯಿತು. ಅವರಿಗೇ ಅದು ಗೊತ್ತಾಗಿರಬೇಕು, ಅದಕ್ಕೇ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಶಿವಗಂಗೆ ತಪ್ಪಲು

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಂಬಿಕೆ ನೋಡಲೇಬಾರದು ಅನ್ನುವುದು ಅತಿಯಾಯಿತು.

ನಾನು ಸಿದ್ಧಗಂಗಾ ಮಠದ ಹಾಸ್ಟೆಲ್ಲಿನಲ್ಲಿ ಓದಿದವನು. ಬೆಳಿಗ್ಗೆ ಪ್ರಾರ್ಥನೆಗೆ ಸಾವಿರಾರು ಹುಡುಗರು ಸಾಲಾಗಿ ಕೂರುತ್ತಿದ್ದೆವು, ಯಾರ ಜಾತಿ ಯಾವುದು, ಧರ್ಮ ಯಾವುದು ಅಂತ ತಟ್ಟೆ ಹಿಡಿದಾಗ ಯಾರೂ ಕೇಳುತ್ತಿರಲಿಲ್ಲ. 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಅದನ್ನು ನಂಬಿಕೆಯಿಂದಲೇ ಮಾಡಿದರು. ಕಾಯಕ, ದಾಸೋಹ ಅನ್ನುವುದು ಅವರಿಗೆ ಬಾಯಿಮಾತು ಆಗಿರಲಿಲ್ಲ. ಅಂಥ ನಂಬಿಕೆ ಮನುಷ್ಯನನ್ನು ತಿದ್ದುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಲೆಕ್ಕಕ್ಕೇ ತಗೋಬೇಡ ಅಂದರೆ ಹೇಗೆ?

ಇನ್ನೊಂದು ವಿಷಯ. ಒಬ್ಬ ಮನುಷ್ಯ ತನ್ನ ನಂಬಿಕೆಯ ಪ್ರಕಾರ ಹೆಣ್ಣುಮಕ್ಕಳು ಹತ್ತನೇ ಕ್ಲಾಸಿನ ಮೇಲೆ ಓದಬಾರದು ಅನ್ನುತ್ತಾನೆ ಅಂತ ಇಟ್ಟುಕೊಳ್ಳಿ. ಅಥವಾ ಕೇರಿಯವರು ಊರೊಳಗಿನ ನಲ್ಲಿ ಮುಟ್ಟಬಾರದು ಅನ್ನುತ್ತಾನೆ. ಅವನು ಯಾವ ಧರ್ಮದವನೇ ಆಗಲಿ, ನಾನು ಆ ನಂಬಿಕೆಯನ್ನು ನೋಡಿಯೇ ಅವನನ್ನು ಬೇಡ ಅನ್ನುತ್ತೇನೆ. ಯಾಕಂದರೆ ಅದು ಅವನ ಮನೆಯ ದೇವರಕೋಣೆಯಲ್ಲಿ ಉಳಿಯುವುದಿಲ್ಲ, ಪಂಚಾಯ್ತಿ ಕಟ್ಟೆಗೆ ಬರುತ್ತದೆ. ಆದ್ದರಿಂದ ಕಲ್ಪತರು ಅವರೇ, ಇಬ್ಬರನ್ನೂ ಕೂರಿಸಿ ಕೇಳಿ. ಯಾವ ದೇವರಿಗೆ ಕೈ ಮುಗಿಯುತ್ತೀರಿ ಅಂತ ಅಲ್ಲ. ಕೇರಿಗೆ ಪೈಪ್ ಯಾವಾಗ ಎಳೆಸುತ್ತೀರಿ ಅಂತ ಕೇಳಿ. ಉತ್ತರ ಕೊಡುವಾಗ ಮುಖ ನೋಡಿ, ನಂಬಿಕೆ ಎಂಥದ್ದು ಅಂತ ಅಲ್ಲೇ ಕಾಣುತ್ತದೆ.

ಚಿಕ್ಕೋಡಿಯಿಂದ ಮಿಶಿಗನ್

ಮೇಲಿನವರ ಮಾತಿಗೆ ನನ್ನದೂ ಒಂದು ಅನುಭವ.

ನಾನಿರುವ ಅಮೆರಿಕದಲ್ಲಿ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇರಬಾರದು ಅಂತ ಸಂವಿಧಾನದ ಆರನೇ ವಿಧಿಯಲ್ಲೇ ಇದೆ. ಕಾಗದದ ಮೇಲೆ ಇದ್ದದ್ದು ಜನರ ಮನಸ್ಸಿಗೆ ಇಳಿಯಲು ಬಹಳ ಕಾಲ ಹಿಡಿಯಿತು. 1928ರಲ್ಲಿ ಆಲ್ ಸ್ಮಿತ್ ಅನ್ನುವವರು ದೊಡ್ಡ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ಮೊದಲ ಕೆಥೊಲಿಕ್. ಸೋತರು. ಸೋಲಿಗೆ ಅವರ ಧರ್ಮವೂ ಒಂದು ಕಾರಣ. 1960ರಲ್ಲಿ ಕೆನಡಿ ನಿಂತಾಗಲೂ ಪೋಪ್ ಹೇಳಿದಂತೆ ಕೇಳುತ್ತಾನೆ ಅನ್ನುವ ಅನುಮಾನ. ಅವರು ಹ್ಯೂಸ್ಟನ್‌ಗೆ ಹೋಗಿ ಪ್ರೊಟೆಸ್ಟಂಟ್ ಪಾದ್ರಿಗಳ ಮುಂದೆ ನಿಂತು, ಸರ್ಕಾರದ ಕೆಲಸದಲ್ಲಿ ನನ್ನ ಚರ್ಚು ನನ್ನ ಪರವಾಗಿ ಮಾತಾಡುವುದಿಲ್ಲ ಅಂತ ಹೇಳಬೇಕಾಯಿತು. ಗೆದ್ದರು, ಬಹಳ ಕಡಿಮೆ ಅಂತರದಿಂದ.

ಈಗ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯ್ಟ್ ಭಾಗದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಬಂದರು. ಆ ಕ್ಷೇತ್ರದಲ್ಲಿ ಹಿಂದೂಗಳು ಬಹಳ ಕಮ್ಮಿ. ಆ ರಾತ್ರಿ ನಾವು ನಾಲ್ಕು ಮನೆಯವರು ಸೇರಿ ಹೋಳಿಗೆ ಮಾಡಿ ತಿಂದೆವು. ನೋಡಿ, ಇಲ್ಲಿಯವರು ಧರ್ಮ ನೋಡಲಿಲ್ಲ ಅಂತ ಎಷ್ಟು ಹೆಮ್ಮೆ!

ಅದಾದ ಆರು ತಿಂಗಳಿಗೆ ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆ. ನಾನು ಊರಿಗೆ ಫೋನ್ ಮಾಡಿ ಅವ್ವನಿಗೆ ಏನು ಹೇಳಿದೆ ಗೊತ್ತಾ? "ಏನರ ಆಗಲಿ, ನಮ್ಮ ಮಂದಿಗೇ ಹಾಕು." ಫೋನ್ ಇಟ್ಟ ಮೇಲೆ ನನ್ನ ಮಗಳು, ಇಲ್ಲೇ ಹುಟ್ಟಿದವಳು, "ನಮ್ಮ ಮಂದಿ ಅಂದ್ರ ಯಾರು ಅಪ್ಪ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ನಾವು ಅಲ್ಪಸಂಖ್ಯಾತರು, ಆದ್ದರಿಂದ ಧರ್ಮ ನೋಡಬೇಡಿ ಅಂತ ಬೇಡುತ್ತೇವೆ. ಅಲ್ಲಿ ನಾವು ಜಾಸ್ತಿ, ಅಲ್ಲಿ ಬೇರೆ ಮಾತು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ, ಬೇಕಾದರೆ.

ಕಲ್ಪತರು ನಾಡು

ಎಲ್ಲರಿಗೂ ದೊಡ್ಡ ನಮಸ್ಕಾರ. ನಾಲ್ಕನ್ನೂ ಅಪ್ಪನಿಗೆ ಓದಿ ಹೇಳಿದೆ. ಅಜ್ಜಿ ಆಣೆ ಇಟ್ಟ ಕಥೆ ಕೇಳಿ ಸಿಟ್ಟು ಬಂತು, ತಟ್ಟೆ ಹಿಡಿದು ಬಂದ ಹುಡುಗರ ಮೇಲೆ. "ಅವರ ಕೈಗೆ ಹುಳ ಬೀಳ" ಅಂದರು. ನೇತ್ರಾವತಿ ದಡ ಅವರ ಮಾತಿಗೆ ಏನೂ ಹೇಳಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕಿ ಬಂದರು.

ಮೇಷ್ಟ್ರೇ, ನೀವು ಹೇಳಿದ ಹಾಗೆ ಮಾಡಿದೆವು. ಕೊಬ್ಬರಿ ವ್ಯಾಪಾರದವರ ಹತ್ತಿರ ಅಪ್ಪನೇ ಹೋಗಿ ಚಂದಾ ಲೆಕ್ಕ ಕೇಳಿದರು. ನಿಜ ಹೇಳಬೇಕೆಂದರೆ ಅವರು ಬೈಯುತ್ತಾರೆ ಅಂತಲೇ ನಾನು ಅಂದುಕೊಂಡಿದ್ದೆ. ಅವರು ಒಂದು ಉದ್ದ ನೋಟ್‌ಬುಕ್ ತಂದು ಮುಂದೆ ಇಟ್ಟರಂತೆ. ಸಿಮೆಂಟ್ ಚೀಲ, ಕಂಬಿ, ಶಿಲ್ಪಿಯ ಕೂಲಿ, ಕೊನೆಗೆ ಮಿಕ್ಕ 1,140 ರೂಪಾಯಿ ಬ್ಯಾಂಕಿಗೆ ಕಟ್ಟಿದ ರಸೀದಿ. ಎಲ್ಲ ಸರಿ ಇದೆ. ಅವರ ಬಗ್ಗೆ ನಾನು ಮನಸ್ಸಿನಲ್ಲಿ ಅನುಮಾನ ಪಟ್ಟದ್ದು ತಪ್ಪು. ಮಾಲೆ ನೋಡಿ ಅಪ್ಪ ನಂಬಿದರು, ಅದೇ ಮಾಲೆ ನೋಡಿ ನಾನು ಅನುಮಾನ ಪಟ್ಟೆ.

ಟೈಲರ್ ಮೆಂಬರ್ ಆಗಿದ್ದ ಕಾಲದ ಕಾಗದವೂ ಪಂಚಾಯ್ತಿಯಲ್ಲಿ ಸಿಕ್ಕಿತು. ಚರಂಡಿ ಕೆಲಸ ಎರಡು, ಬೀದಿ ದೀಪ, ನರೇಗಾದಲ್ಲಿ ಕೃಷಿ ಹೊಂಡ. ಹೊಂಡ ಎಲ್ಲ ಇವತ್ತಿಗೂ ಇವೆ, ನಾನೇ ಹೋಗಿ ನೋಡಿ ಬಂದೆ. ನೀರುಗಂಟಿಯನ್ನು ಕೇಳಿದೆ. "ಬೇಸಿಗೇಲಿ ಬೆಳಿಗ್ಗೆ ಐದಕ್ಕೆಲ್ಲ ಟ್ಯಾಂಕ್ ಹತ್ರ ಬಂದು ನಿಲ್ತಿದ್ರು, ವಾಲ್ವ್ ನಾನು ಯಾವ ಬೀದಿಗೆ ಎಷ್ಟು ಹೊತ್ತು ಬಿಡ್ತೀನಿ ಅಂತ ನೋಡೋಕೆ" ಅಂದ.

ಇಬ್ಬರೂ ದುಡ್ಡಿನಲ್ಲಿ ಶುದ್ಧ ಇದ್ದಾರೆ ಅಂತ ಈಗ ಅಪ್ಪನಿಗೂ ಗೊತ್ತಾಗಿದೆ. ಯಾರಿಗೆ ಹಾಕುತ್ತಾರೋ ಹೇಳಿಲ್ಲ, ನಾನೂ ಕೇಳಲಿಲ್ಲ. ಭಾನುವಾರ ಸಂಜೆ ಇಬ್ಬರನ್ನೂ ನಮ್ಮ ಬೀದಿ ಅರಳಿಕಟ್ಟೆಗೆ ಕರೆದಿದ್ದೇವೆ. ಶಿವಗಂಗೆಯವರು ಹೇಳಿದ ಕೇರಿ ಪೈಪಿನ ಪ್ರಶ್ನೆ ನಾನು ಕೇಳುತ್ತೇನೆ. ಅಪ್ಪ ಗೋಡೆಯ ಕ್ಯಾಲೆಂಡರ್ ಇಳಿಸಿ, ಈ ವರ್ಷ ಬೋರ್‌ವೆಲ್ ಮೋಟಾರ್ ಸುಟ್ಟುಹೋದ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಕೂತಿದ್ದಾರೆ. ಇಲ್ಲಿಯವರೆಗೆ ಏಳಾಗಿದೆ.