ಮತ್ತೆ ನಾವೇ ಹೂವು ಬೆಳೆಯೋಣ ಅಂತಾರೆ ಅಪ್ಪ, ಕೈ ಹಾಕಬಹುದಾ?

ಹೂವಿನಂಗಡಿ ಮಗಳು

ಎಲ್ಲರಿಗೂ ನಮಸ್ಕಾರ. ನಾವು ತಿಗಳರು. ಎಷ್ಟೋ ತಲೆಮಾರಿನ ಹಿಂದೆ ತಮಿಳು ಸೀಮೆಯಿಂದ ಬಂದು ಬೆಂಗಳೂರಿನ ಕೆರೆಗಳ ಪಕ್ಕ ತೋಟ ಮಾಡಿದವರು. ಮುತ್ತಾತನ ತೋಟ ಸಂಪಂಗಿ ಕೆರೆ ಮಗ್ಗುಲಲ್ಲಿತ್ತಂತೆ. ಸೊಪ್ಪು, ತರಕಾರಿ, ಬದುವಿನ ಮೇಲೆ ಹೂವು. ಆ ಕೆರೆ ಇದ್ದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. ತಾತ ಸಿದ್ದಾಪುರದ ಕಡೆ ಮಾಡಿಕೊಂಡಿದ್ದ ತೋಟವೂ ಸೈಟುಗಳಾಗಿ ಹೋಯಿತು. ಉಳಿದದ್ದು ಒಂದು ಹೂವಿನಂಗಡಿ.

ಅಪ್ಪನಿಗೆ ಈಗ 62. ಬೆಳಗಿನ ಜಾವ 3 ಗಂಟೆಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಬಿಡಿ ಹೂವು ತರುತ್ತಾರೆ. ರಾತ್ರಿ ನೆನೆಸಿಟ್ಟ ಬಾಳೆ ನಾರಿನಲ್ಲಿ ಅಮ್ಮ, ಚಿಕ್ಕಮ್ಮ ಕಟ್ಟುತ್ತಾರೆ. ಮದುವೆ ಆರ್ಡರ್, ಫೋನು, ಲೆಕ್ಕ ನನ್ನದು. ಒಂದು ದಿನ ನಾನೂ ಮಾರ್ಕೆಟ್‌ಗೆ ಹೋಗಿದ್ದೆ. ಅಪ್ಪ ರಾಶಿಯಿಂದ ಒಂದು ಕಾಕಡ ಮೊಗ್ಗು ತೆಗೆದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ, ತೊಟ್ಟು ನೋಡಿ, "ಇದು ನಿನ್ನೆ ಸಂಜೆ ಕಿತ್ತಿದ್ದು, ನೀರು ಚಿಮುಕಿಸಿ ತಂದಿದ್ದಾರೆ, ಬೇಡ" ಅಂದರು. ನನಗೆ ಎರಡು ರಾಶಿಯೂ ಒಂದೇ ಥರ ಕಂಡವು. ಅಪ್ಪ ಚಿಕ್ಕವರಿದ್ದಾಗ ದಿನಾ ಶಾಲೆಗೆ ಹೋಗುವ ಮೊದಲು ಮೊಗ್ಗು ಬಿಡಿಸಿದವರು, ಅದಕ್ಕೇ ಗೊತ್ತಾಗುತ್ತದೆ. ನನ್ನ ಕೈಗೆ ಆ ವಿದ್ಯೆ ಬಂದಿಲ್ಲ ಅನ್ನುವುದು ಅವತ್ತಿನಿಂದ ಕೊರೆಯುತ್ತಿದೆ.

ಈಗ ಆನೇಕಲ್ ಕಡೆ 20 ಗುಂಟೆ ಗುತ್ತಿಗೆಗೆ ಸಿಗುತ್ತಿದೆ. ಬೋರ್‌ವೆಲ್ ಇದೆ, ನೀರೂ ಇದೆ. ಬೇರೆಯವರ ಹೂವು ಮಾರಿದ್ದು ಸಾಕು, ನಾವೇ ಬೆಳೆಯೋಣ ಅಂತಾರೆ ಅಪ್ಪ. ಅಮ್ಮನಿಗೆ ಭಯ. ಬೆಳೆದವರು ಯಾರಾದರೂ ಇದ್ದರೆ ಹೇಳಿ, ಇಷ್ಟರಲ್ಲಿ ಏನು ಹಾಕಬಹುದು? ಅಂಗಡಿಯ ದುಡ್ಡು ಮುಳುಗದಂತೆ ಮಾಡಲು ಆಗುತ್ತದಾ?

ಹೊಸಕೋಟೆ ತೋಟ

ಮಾಡಿ ತಂಗಿ, ಆದರೆ 20 ಗುಂಟೆಗೂ ಒಂದೇ ಹೂವು ಹಾಕಬೇಡಿ. ಹಾಕಿದರೆ ರೇಟು ಬಿದ್ದ ದಿನ ಕೈ ಸುಟ್ಟುಕೊಳ್ಳುತ್ತೀರಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ ಕೆಜಿಗೆ ಸಾವಿರ ರೂಪಾಯಿ ದಾಟುವುದನ್ನೂ ನೋಡಿದ್ದೇನೆ, ಚೆಂಡುಹೂವನ್ನು ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೇನೆ. 2020ರ ಲಾಕ್‌ಡೌನ್‌ನಲ್ಲಂತೂ ದೇವಸ್ಥಾನ ಮುಚ್ಚಿ, ಮದುವೆ ನಿಂತು, ಇಡೀ ತೋಟವನ್ನೇ ಟ್ರಾಕ್ಟರ್‌ನಲ್ಲಿ ಉಳುಮೆ ಮಾಡಿಬಿಟ್ಟೆ.

ನಿಮಗೆ ಅಂಗಡಿ ಇರುವುದೇ ದೊಡ್ಡ ಬಲ. ನಮ್ಮ ಹಾಗೆ ಮಂಡಿಯವರು ಹೇಳಿದ ರೇಟಿಗೆ ಕೊಟ್ಟು, ಕಮಿಷನ್ ಕಳೆದು ಬರಬೇಕಾಗಿಲ್ಲ. ಅಂಗಡಿಯಲ್ಲಿ ದಿನಾ ಯಾವ ಹೂವು ಖರ್ಚಾಗುತ್ತದೋ ಅದನ್ನೇ ಹಾಕಿ. 8 ಗುಂಟೆ ಸುಗಂಧರಾಜ ಇರಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಪ್ರಜ್ವಲ್ ತಳಿ ನಾನು ಹಾಕಿದ್ದೇನೆ, ಒಂದೇ ಸುತ್ತು ಎಸಳಿನದು, ಮೊಗ್ಗು ದಪ್ಪ, ಹಾರಕ್ಕೆ ಚೆನ್ನಾಗಿ ಕೂರುತ್ತದೆ. ಗಡ್ಡೆ ನೆಟ್ಟು ಮೂರು ನಾಲ್ಕು ತಿಂಗಳಿಗೆ ಹೂವು ಶುರುವಾಗುತ್ತದೆ, ಅದೇ ಗಡ್ಡೆಯಲ್ಲಿ ಎರಡು ಮೂರು ವರ್ಷ ತೆಗೆಯಬಹುದು. ಸ್ವಲ್ಪ ಜಾಗದಲ್ಲಿ ಕಾಕಡ. ಚಳಿಗಾಲದಲ್ಲಿ ಮಲ್ಲಿಗೆ ಸಿಗದೆ ರೇಟು ಏರಿದಾಗ ಕೈ ಹಿಡಿಯುವುದು ಅದೇ.

ಕನಕಾಂಬರಕ್ಕೆ ಆಸೆ ಪಟ್ಟು ಮೊದಲ ವರ್ಷವೇ ಹಾಕಬೇಡಿ. ಅದರ ಬೇರಿಗೆ ನೆಮಟೋಡ್ ಅನ್ನುವ ಕಣ್ಣಿಗೆ ಕಾಣದ ಹುಳು ಬಿದ್ದು ಗಂಟು ಕಟ್ಟಿದರೆ ಗಿಡ ಹಳದಿಯಾಗಿ ಕುಳಿತಲ್ಲೇ ಕೂರುತ್ತದೆ. ಆ ಜಾಗಕ್ಕೆ ಮೊದಲು ಒಂದು ಬೆಳೆ ಚೆಂಡುಹೂವು ಹಾಕಿ, ಅದರ ಬೇರು ಆ ಹುಳುವನ್ನು ತಗ್ಗಿಸುತ್ತದೆ. ನಿಮ್ಮ ತಾತ ಒಂದೇ ಪಾತಿಯಲ್ಲಿ ಹೂವು ಬದಲಾಯಿಸುತ್ತಿದ್ದರಾ ಅಂತ ಅಪ್ಪನನ್ನು ಕೇಳಿ ನೋಡಿ.

ನಾಗರಬಾವಿ ಹೂವು

ನಾನು ಬೇಡ ಅಂತಲೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವೂ ಗುತ್ತಿಗೆಗೆ ಹಿಡಿದಿದ್ದೆವು, ಬರೀ ಬಾಯಿಮಾತಲ್ಲಿ. ಸೇವಂತಿಗೆ ಮೊಗ್ಗು ಕಚ್ಚುವ ಹೊತ್ತಿಗೆ ಜಮೀನಿನವರು ಬಂದು ಲೇಔಟ್ ಮಾಡುತ್ತೇವೆ, ಬಿಡಿ ಅಂದರು. ಗಿಡದಲ್ಲಿ ಮೊಗ್ಗು ಇದ್ದಹಾಗೇ ಜೆಸಿಬಿ ಬಂತು. ನಮ್ಮಮ್ಮ ಎರಡು ದಿನ ಊಟ ಮಾಡಲಿಲ್ಲ.

ಹೂವು ಬಿಡಿಸಲು ಆಳು ಸಿಗುವುದೂ ಕಷ್ಟ. ಕಾಕಡ ಅರಳುವ ಮೊದಲೇ, ಬೆಳಕು ಹರಿಯುವಷ್ಟರಲ್ಲಿ ಕೀಳಬೇಕು. ಆ ಹೊತ್ತಿಗೆ ನಿಮ್ಮಪ್ಪ ತೋಟದಲ್ಲಿರುತ್ತಾರಾ, ಮಾರ್ಕೆಟ್‌ನಲ್ಲಿರುತ್ತಾರಾ? ಮಾಡಲೇಬೇಕು ಅಂದರೆ ಕನಿಷ್ಠ ಐದು ವರ್ಷಕ್ಕೆ ಕರಾರು ಬರೆಸಿ, ನಿಂತ ಬೆಳೆಗೆ ಪರಿಹಾರ ಅಂತ ಒಂದು ಸಾಲು ಸೇರಿಸಿ.

ಸಿದ್ದಾಪುರದ ಅಕ್ಕ

ಇಬ್ಬರೂ ಹೇಳಿದ್ದು ಸರಿ. ನಾನು ಬೇರೆ ಒಂದು ಮಾತು ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಶಾಲೆಯಲ್ಲಿ "ನೀವು ತಮಿಳರಾ, ಯಾವಾಗ ಬಂದಿರಿ" ಅಂತ ಕೇಳಿದರೆ ತಲೆ ತಗ್ಗಿಸುತ್ತಿದ್ದೆವು. ಹೈದರ್ ಅಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದ. ಅಂಥ ತೋಟಗಳ ಮಣ್ಣಿನಲ್ಲಿ ನಮ್ಮವರ ಬೆವರು ಇದೆ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಮಲ್ಲಿಗೆ ಹೊದ್ದ ಕರಗ ಹೊರಟಾಗ ಇಡೀ ಪೇಟೆ ಎದ್ದು ಕೂತಿರುತ್ತದೆ, ಅಲ್ವಾ? ಆ ಕರಗ ಹೊರುವುದು ನಮ್ಮ ತಿಗಳರ ಮನೆಯ ಗಂಡಸು. ಕರಗದ ಪೂಜೆಗೆ ಇವತ್ತಿಗೂ ಸಂಪಂಗಿ ಕೆರೆಯ ಉಳಿದ ಆ ಪುಟ್ಟ ಕಲ್ಯಾಣಿಗೇ ಹೋಗುತ್ತೇವೆ. ನಿಮ್ಮ ಮುತ್ತಾತನ ತೋಟಕ್ಕೆ ನೀರು ಕೊಟ್ಟ ಕೆರೆ ಅದು. ಮಾರುವ ಹೂವನ್ನೇ ನೋಡಿ, ಚೆಂಡುಹೂವು, ಸುಗಂಧರಾಜ ಎರಡೂ ಮೆಕ್ಸಿಕೋ ಕಡೆಯಿಂದ ಬಂದವು. ಈಗ ಅವಿಲ್ಲದೆ ಒಂದು ಗೃಹಪ್ರವೇಶ ನಡೆಯುತ್ತದಾ?

ಅದಕ್ಕೇ ಹೇಳಿದ್ದು, ಅಪ್ಪನಿಗೆ ಕೈಲಾಗುವಾಗಲೇ ಕಲಿತುಕೋ ತಾಯಿ. 20 ಗುಂಟೆ ಜಾಸ್ತಿ ಅನಿಸಿದರೆ 5 ಗುಂಟೆ ಮಾಡು. ನಷ್ಟವಾದರೂ ಅಂಗಡಿ ತಡೆದುಕೊಳ್ಳುತ್ತದೆ.

ಹೂವಿನಂಗಡಿ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ನಾಗರಬಾವಿಯವರ ಜೆಸಿಬಿ ಮಾತಿಗೆ ಬಹಳ ಹೊತ್ತು ಸುಮ್ಮನಿದ್ದರು. ಕರಾರು ಬರೆಸದೆ ಒಂದು ಗಡ್ಡೆಯನ್ನೂ ನೆಡುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದಾರೆ. ಕರಾರು ಆದಮೇಲೆ ಮೊದಲು 8 ಗುಂಟೆ ಮಾತ್ರ, ಉಳಿದದ್ದು ಆಮೇಲೆ.

ಹೊಸಕೋಟೆ ಅಣ್ಣ, ತಾತನ ಬಗ್ಗೆ ಕೇಳಿದೆ. ಹೌದಂತೆ, ಚೆಂಡುಹೂವು ತೆಗೆದ ಪಾತಿಯಲ್ಲೇ ಕನಕಾಂಬರ ಇಡುತ್ತಿದ್ದರಂತೆ, ಯಾಕೆ ಅಂತ ಯಾವತ್ತೂ ಹೇಳಲಿಲ್ಲವಂತೆ. ಭಾನುವಾರ ಜಮೀನು ನೋಡಲು ಹೋಗುತ್ತಿದ್ದೇವೆ. ಮಣ್ಣು ತರಲು ಒಂದು ಚೀಲ ಇಟ್ಟುಕೋ ಅಂದಿದ್ದಾರೆ ಅಪ್ಪ.