ಹಳೇ ಕಸದ ಯಾರ್ಡ್ ಮ್ಯಾಲೆ ಡೇಟಾ ಸೆಂಟರ್ ಕಟ್ಟಾಕ ಬರತೈತೇನ್ರಿ?

ಕಾರವಾರರೋಡ್ ಹುಡುಗ:
ನಮಸ್ಕಾರ್ರಿ ಎಲ್ಲಾರ್ಗೂ. ಹೊರದೇಶದಾಗ ಮುಚ್ಚಿದ ಕಸದ ದಿಬ್ಬದ ಜಾಗಾದಾಗ ದೊಡ್ಡ ಡೇಟಾ ಸೆಂಟರ್ (ಸರ್ವರ್ ಅನ್ನೋ ಕಂಪ್ಯೂಟರ್ ಸಾಲಾಗಿ ಇಟ್ಟು ನಡಸೋ ಕಟ್ಟಡ) ಕಟ್ಟೋ ಸುದ್ದಿ ಓದಿದೆ, ಆವಾಗಿಂದ ತಲ್ಯಾಗ ಅದ ಕುಂತೈತಿ. ನಮ್ಮಲ್ಲೂ ಹುಬ್ಬಳ್ಳಿಯ ಕಾರವಾರ ರೋಡಿನ ಕಸದ ಯಾರ್ಡ್, ಧಾರವಾಡದ ಹೊಸಯಲ್ಲಾಪುರದ್ದು ಅದಾವಲ್ರಿ. ಉಣ್ಣೋ ಅನ್ನದ ಹೊಲಾ ತಗೊಳ್ಳೋದಕ್ಕಿಂತ ಇಂಥಾ ಜಾಗಾ ಉಪಯೋಗಕ್ಕ ಬಂದ್ರ ಛಲೋ ಅಲ್ಲೇನು? ತಿಳದವ್ರು ಹೇಳ್ರಿ.

ಎರಿಮಣ್ಣು:
ಕಟ್ಟಾಕ ಬರತೈತಿ ತಮ್ಮಾ, ಆದ್ರ ಮ್ಯಾಲೆ ನಾಕ ಲಾರಿ ಮೊರಂ ಹಾಕಿ ಸ್ಲ್ಯಾಬ್ ಹೊಡದ್ರ ಆಗೂದಿಲ್ಲ. ಕಸ ಕೊಳಕೋತ ವರ್ಷಾನುಗಟ್ಲೆ ಕುಸಿಯತೈತಿ, ಅದೂ ಒಂದ ಸಮ ಅಲ್ಲ, ಈ ಮೂಲಿ ಒಂದ ಫೂಟು ಇಳದ್ರ ಆ ಮೂಲಿ ಇದ್ದಲ್ಲೇ ಇರತೈತಿ, ಗ್ವಾಡಿ ಬಿರಿತಾವ, ಪೈಪ್ ಜಾಯಿಂಟ್ ಕಿತ್ತು ಬರ್ತಾವ. ಅದಕ್ಕ ಪೈಲ್, ಅಂದ್ರ ಆಳದ ಕಂಬ, ಹೊಡದು ಗಟ್ಟಿ ನೆಲದತನಕ ಹೋಗಬೇಕು. ಕೆಳಗ ನಮ್ಮ ಎರಿ (ಕಪ್ಪು ಮಣ್ಣು) ಇದ್ರಂತೂ ಮಳ್ಯಾಗ ಉಬ್ಬಿ ಬ್ಯಾಸಗ್ಯಾಗ ಬಾಯಿ ಬಿಡತೈತಿ, ಅದನ್ನೂ ದಾಟಬೇಕು. ಇನ್ನೊಂದು, ಪೈಲ್ ಹೊಡದ ತೂತಿನಾಗಿಂದ ಕಸದ ರಸ ಕೆಳಗ ಇಳದು ಬಾವಿ ಬೋರ್ ಸೇರಬಹುದು. ನಾನಂತೂ ಮೊದ್ಲ ಪೂರಾ ಕಸ ಅಗದು, ಜರಡಿ ಹಿಡದು ತಗೀರಿ, ಆಮ್ಯಾಲೆ ಕಟ್ಟೋ ಮಾತು ಅಂತೀನಿ.

ರ‍್ಯಾಕ್ ಮನಿ:
ಎರಿಮಣ್ಣು ಅಣ್ಣಾರು ನೆಲದ್ದ ಹೇಳಿದ್ರು, ನಾ ಗಾಳಿದ್ದ ಹೇಳ್ತೀನಿ, ನಾ ಸರ್ವರ್ ನೋಡ್ಕೊಳ್ಳೋ ಕೆಲಸದಾಗ ಅದೀನಿ. ಕಸದಾಗಿಂದ ಕೊಳತ ತತ್ತಿ ವಾಸನಿ ಬರತೈತಲ್ಲ, ಆ ಹೈಡ್ರೋಜನ್ ಸಲ್ಫೈಡ್ ಗ್ಯಾಸು ತಾಮ್ರ, ಬೆಳ್ಳಿ ಎರಡನ್ನೂ ತಿಂತೈತಿ. ಮನುಷ್ಯಾಗ ತ್ರಾಸ ಅನಸದಷ್ಟ ಕಡಿಮಿ ಇದ್ರೂ ಬೋರ್ಡ್ ಮ್ಯಾಲಿನ ಸಣ್ಣ ತಾಮ್ರದ ಗೆರಿ ಕಪ್ಪಾಗಿ ಹಾಳಾಗ್ತಾವ. ಮುಂಬೈ ಮಾಲಾಡದಾಗ ಹಳೇ ಕಸದ ಜಾಗಾದ ಮ್ಯಾಲೆ ಆಫೀಸ್ ಎದ್ವು, 2000ರ ದಶಕದಾಗ ಅಲ್ಲಿ ಕಂಪ್ಯೂಟರ್, ಎಸಿ ಮ್ಯಾಲಿಂದ ಮ್ಯಾಲೆ ಕೆಡಾಕ ಹತ್ತಿದ್ವು. ಇನ್ನ ಕಸ ಕೊಳತು ಬರೋ ಮೀಥೇನ್ ಗ್ಯಾಸು, ಗಾಳ್ಯಾಗ 5ರಿಂದ 15 ಪರ್ಸೆಂಟ್ ಇದ್ರ ಒಂದ ಕಿಡಿ ಸಾಕು. 1986ರಾಗ ಇಂಗ್ಲೆಂಡಿನ ಲಾಸ್ಕೋ ಊರಾಗ ಹಂಗ ಕಸದ ಜಾಗಾದಿಂದ ನೆಲದೊಳಗ ಹರದು ಬಂದ ಗ್ಯಾಸಿಗೆ ಒಂದ ಮನಿನ ಸಿಡದು ಹೋತು. ಕೇಬಲ್ ಹಾಯೋ ಒಂದೊಂದು ತೂತೂ ಸೀಲ್ ಮಾಡಬೇಕು, ಬುಡಕ್ಕ ಶೀಟ್ ಹಾಸಿ ಗ್ಯಾಸ್ ಹೊರಗ ಒಯ್ಯೋ ಪೈಪ್ ಇಡಬೇಕು.

ಧಾರವಾಡ ಅಕ್ಕ:
ಜಾಗಾದ್ದ ಬಿಡ್ರಿ, ಕಾಯೋ ಸರ್ವರ್ ತಂಪ ಮಾಡಾಕ ನೀರ ಎಲ್ಲಿಂದ? ನವಿಲುತೀರ್ಥದ ಮಲಪ್ರಭಾ ನೀರಿಗೆ ನಾವ ಕೊಡ ಹಿಡ್ಕೊಂಡು ನಳದ ದಾರಿ ಕಾಯ್ತೀವಿ. ನೀರ ಆವಿ ಮಾಡಿ ತಂಪ ಮಾಡೋ ಪದ್ಧತಿ ಆದ್ರ ಒಂದ ಯೂನಿಟ್ ಕರೆಂಟಿನ ಕಾವಿಗೆ ಸುಮಾರು ಒಂದೂವರೆ ಲೀಟರ್. 100 ಮೆಗಾವಾಟ್ ಅಂದ್ರ ದಿನಕ್ಕ 24 ಲಕ್ಷ ಯೂನಿಟ್, ನೀರ 36 ಲಕ್ಷ ಲೀಟರ್! 12 ಸಾವಿರ ಲೀಟರಿನ ಟ್ಯಾಂಕರ್ 300 ಆದ್ವು. ಚರಂಡಿ ನೀರ ಶುದ್ಧ ಮಾಡಿ ಅದನ್ನ ಬಳಸ್ತೀವಿ, ಇಲ್ಲಾ ನೀರ ಬ್ಯಾಡದ ಕೂಲಿಂಗ್ ಹಾಕ್ತೀವಿ ಅಂತ ಬರದು ಕೊಟ್ರ ಮಾತ್ರ ನಾ ಹೂಂ ಅಂತೀನಿ, ಕರೆಂಟ್ ಜಾಸ್ತಿ ಹೋದ್ರೂ ಚಿಂತಿಲ್ಲ.

ಎರಿಮಣ್ಣು:
ಅಕ್ಕಾರ ಲೆಕ್ಕ ಬರೋಬರಿ ಐತಿ. ಮತ್ತ 2016ರ ಘನತ್ಯಾಜ್ಯ ನಿಯಮದಾಗೂ ಲ್ಯಾಂಡ್‌ಫಿಲ್ (ಕಸ ತುಂಬೋ ಜಾಗಾ) ಮುಚ್ಚಿದ ಮ್ಯಾಲೆ 15 ವರ್ಷ ನಿಗಾ ಇಟ್ಟು, ಗ್ಯಾಸು, ರಸ, ನೆಲದ ಗಟ್ಟಿತನ ಸರಿ ಇದ್ರ ಮಾತ್ರ ಬ್ಯಾರೆ ಬಳಕಿ ವಿಚಾರ ಮಾಡಬಹುದು ಅಂತ ಇತ್ತು.

ಕಾರವಾರರೋಡ್ ಹುಡುಗ:
ಭಾಳ ಉಪಕಾರ ಆತ್ರಿ ಅಣ್ಣಾರ, ಅಕ್ಕಾರ. ಕಸದ ರಸದ ಮಾತು ಕೇಳಿ ಕಳವಳ ಆತು, ನಮ್ಮ ಹಿತ್ತಲ ಬಾವಿ ನೀರ ನಾಳೆನ ಟೆಸ್ಟಿಗೆ ಕೊಡ್ತೀನಿ.